ಕಾವಿನಲ್ಲಿ ಮಗುಚಿದ ವಾಲಿ

ನಮ್ಮ ಸಂಸಾರದ ಭೂಗೋಳಕ್ಕೆ ಮೂರು ಮೂಲೆ. ಮನೆ ಪುತ್ತೂರಿನಲ್ಲಿ, ಅಮ್ಮನ ತವರು ಸುಳ್ಯದಲ್ಲಿ, ತಂಗಿಯನ್ನು ಕೊಟ್ಟದ್ದು ಕಡಬಕ್ಕೆ. ಉಪನಯನ, ಪೂಜೆ, ಬೊಜ್ಜ ಎಂದು ವರ್ಷವಿಡೀ ನಮ್ಮ ಹಳೆಯ ಕಾರು ಈ ತ್ರಿಕೋನದಲ್ಲೇ ಸುತ್ತುತ್ತಿತ್ತು.

ಈ ದಾರಿಗಳನ್ನು ಅಪ್ಪ ಎಂದೂ ಕಿಲೋಮೀಟರಿನಲ್ಲಿ ಅಳೆದವರಲ್ಲ. ಅವರ ಅಳತೆ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟು. ಪುತ್ತೂರಿಂದ ಸುಳ್ಯಕ್ಕೆ ಒಂದು ಸಿ-60. ಒಂದು ಬದಿ ಮೂವತ್ತು ನಿಮಿಷ, ಕಾವು ಬರುವಾಗ ಮುಗಿಯುತ್ತದೆ, ಮಗುಚಬೇಕು. ಕಡಬಕ್ಕಾದರೆ ಕಾಣಿಯೂರಿನಲ್ಲಿ ಮಗುಚಬೇಕು. ಸುಳ್ಯದಿಂದ ಕಡಬಕ್ಕೆ ಬೆಳ್ಳಾರೆಯಾಗಿ ಹೋದರೆ ನಿಂತಿಕಲ್ಲಿನಲ್ಲಿ. ಮೂವತ್ತು ನಿಮಿಷಕ್ಕೆ ಒಳಗೆ ಟೇಪು ಓಡುವುದು ಬರೀ 86 ಮೀಟರು. ಅಷ್ಟರಲ್ಲಿ ವಾಲಿ ಬಾಣ ತಿಂದು ಬಿದ್ದಿರುತ್ತಿದ್ದ, ರಾಮನಿಗೆ ಎಸೆದ ಪ್ರಶ್ನೆ ಅರ್ಧಕ್ಕೆ ತುಂಡಾಗಿರುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದರೆ ಅಪ್ಪನಿಗೆ ಪ್ರಾಣ. ನಾನು ಕ್ಯಾಸೆಟ್ಟು ತೆಗೆದು ಮಗುಚುವ ಅರ್ಧ ನಿಮಿಷದಲ್ಲಿ ಅವರು ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಕೊಡುತ್ತಿದ್ದರು: “ಈಗ ರಾಮ ಎಂತ ಹೇಳ್ತಾನೆ ನೋಡು. ಹೇಳ್ಲಿಕ್ಕೆ ಎಂತದೂ ಇಲ್ಲ ಅವನಿಗೆ.”

2010ರ ಸುಮಾರಿಗೆ ಬೆಂಗಳೂರಿನ ಅಳಿಯ ಬೆಂಕಿಪೊಟ್ಟಣದಷ್ಟು ದೊಡ್ಡ ಎಂಪಿ3 ಪ್ಲೇಯರ್ ತಂದುಕೊಟ್ಟ. “ಮಾವ, ನಾಲ್ಕು ಜಿಬಿ. ಎಪ್ಪತ್ತು ಗಂಟೆಯ ತಾಳಮದ್ದಳೆ ತುಂಬಿಸಿದ್ದೇನೆ,” ಎಂದ. ಎಪ್ಪತ್ತು ಗಂಟೆ ಎಂದರೆ ಎಪ್ಪತ್ತು ಸಿ-60, ಎಪ್ಪತ್ತು ಸಲ ಸುಳ್ಯ ಎಂದು ಅಪ್ಪ ಲೆಕ್ಕ ಹಾಕಿದರು. ಆದರೆ ನಮ್ಮ ಕಾರಿನ ಸ್ಟೀರಿಯೊ ಕಂಪೆನಿಯಿಂದಲೇ ಬಂದದ್ದು. ಕ್ಯಾಸೆಟ್ಟಿನ ಬಾಯಿ, ರೇಡಿಯೊ, ಎರಡು ತಿರುಗಣೆ, ಅಷ್ಟೇ. ವಯರು ಚುಚ್ಚಲು ಒಂದು ತೂತೂ ಇಲ್ಲ.

ಪುತ್ತೂರು ಪೇಟೆಯ ಅಂಗಡಿಯವ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ಕೈಗಿಟ್ಟು ಉಪಾಯ ಹೇಳಿದ. “ಅಣ್ಣ, ಇದನ್ನು ಸಿಗರೇಟು ಹಚ್ಚುವ ತೂತಿಗೆ ಕುತ್ತಿ. ಇದೇ ಒಂದು ಸಣ್ಣ ರೇಡಿಯೊ ಸ್ಟೇಷನ್.” ಸಿಗರೇಟಿಗೆ ವ್ಯವಸ್ಥೆ ಮಾಡಿದವರು ತಾಂಬೂಲ ಉಗುಳಲು ಏನೂ ಮಾಡಲಿಲ್ಲವಲ್ಲ ಎಂಬುದು ಅಪ್ಪನ ಹಳೆಯ ದೂರು. ಅದಿರಲಿ. 100.3ರಲ್ಲಿ ಮಂಗಳೂರು ಆಕಾಶವಾಣಿ ಇರುವುದರಿಂದ ಅದರ ಗೊಡವೆ ಬೇಡವೆಂದು 88ರ ಹತ್ತಿರ ಖಾಲಿ ಜಾಗದಲ್ಲಿ ನಮ್ಮ ಬಾನುಲಿ ನಿಲಯ ಶುರುವಾಯಿತು. ಕೇಳುಗರು ಇಬ್ಬರು.

ಕಡಬ ಪೇಟೆಯವರೆಗೆ ಎಲ್ಲ ಸರಿಯಿತ್ತು. ಆಗಿನ್ನೂ ಅದು ಪುತ್ತೂರು ತಾಲೂಕಿನ ಹೋಬಳಿ. ಆದರೂ ಪೇಟೆಯ ತಿರುವಿನಲ್ಲಿ ವಾಹನ ಕಟ್ಟಿಕೊಳ್ಳುವುದರಲ್ಲಿ ಜಿಲ್ಲಾ ಕೇಂದ್ರಕ್ಕೆ ಏನೂ ಕಡಿಮೆಯಿಲ್ಲ. ಮುಂದೆ ಒಂದು ಸರ್ವಿಸ್ ಜೀಪು ನಿಂತಿತ್ತು. ವಾಲಿ ನೆಲಕ್ಕೆ ಬಿದ್ದು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳಿದ. ಉತ್ತರವಾಗಿ ಡ್ರಮ್ಮು ಬಡಿಯಿತು, ಒಬ್ಬ ಹೆಣ್ಣುಮಗಳು ಹಾಡತೊಡಗಿದಳು. ಜೀಪಿನಲ್ಲೂ ಅದೇ ಉಪಕರಣ, ಅದೇ 88! ಎಫ್‌ಎಂನಲ್ಲಿ ಎರಡು ದನಿ ಹಾಲು ನೀರಿನಂತೆ ಬೆರೆಯುವುದಿಲ್ಲ. ಜೋರಿನದ್ದು ಸಪ್ಪೆಯದನ್ನು ಪೂರ್ತಿ ನುಂಗುತ್ತದೆ. ಜೀಪು ಹತ್ತು ಮಾರು ಮುಂದೆ ಹೋದರೆ ವಾಲಿ, ನಾವು ಹತ್ತಿರ ಹೋದರೆ ಐಟಂ ಸಾಂಗು.

ಅಪ್ಪ ಸ್ವಲ್ಪ ಹೊತ್ತು ಕೇಳಿದರು. “ಉತ್ತರ ಗೊತ್ತಿಲ್ಲದಿದ್ರೆ ರಾಮ ಸುಮ್ಮನೆ ಕೂತುಕೊಳ್ಬಹುದಿತ್ತು. ಕುಣಿಯುವ ಅಗತ್ಯ ಎಂತ ಇತ್ತು?” ಎಂದರು. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ ಎಂಬುದು ಅವರ ಸಿಟ್ಟಿಗೆ ಇನ್ನೊಂದು ಕಾರಣ.

ಮತ್ತೆ ಅಂಗಡಿಗೆ ಹೋದೆ. ಈ ಸಲ ಅವನು ಕೊಟ್ಟದ್ದು ಕ್ಯಾಸೆಟ್ಟಿನದೇ ವೇಷ ಹಾಕಿದ ಡಬ್ಬಿ. ಒಳಗೆ ಟೇಪಿಲ್ಲ, ಬಾಲಕ್ಕೆ ವಯರು. ಟೇಪು ಬರಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ಡು ಕೂತು ಸ್ಟೀರಿಯೊದ ಹೆಡ್ಡಿಗೆ ಮುಖ ತಾಗಿಸಿ, ಅಯಸ್ಕಾಂತದ ಭಾಷೆಯಲ್ಲಿ ಪಿಸುಗುಡುತ್ತದೆ. ಪಾಪ ಸ್ಟೀರಿಯೊ, ಟೇಪೇ ಓಡುತ್ತಿದೆ ಎಂದು ನಂಬುತ್ತದೆ. ಮರೆಯಲ್ಲಿ ನಿಂತು ಹೊಡೆಯುವುದೆಂದರೆ ಇದೇ. ಆದರೆ ಅಪ್ಪನಿಗೆ ಹಾಗೆ ಹೇಳಲಿಲ್ಲ.

ಸುಳ್ಯದ ದಾರಿಯಲ್ಲಿ ದನಿ ಸ್ವಚ್ಛವಾಗಿ ಬಂತು. ಕುಂಬ್ರ ದಾಟಿತು, ಕಾವು ದಾಟಿತು. ಮಗುಚುವುದಿಲ್ಲ, ನಿಲ್ಲುವುದಿಲ್ಲ. ವಾಲಿ ಸತ್ತ, ತಾರೆ ಅತ್ತಳು, ಸುಗ್ರೀವನಿಗೆ ಪಟ್ಟವಾಯಿತು. ಅಪ್ಪ ಮಾತ್ರ ತುಟಿ ಬಿಚ್ಚಲಿಲ್ಲ. ಸೆಕೆಗೆ ಹೀಗಾಗಿರಬಹುದೆಂದು ಗಾಜು ಇಳಿಸಿದೆ. ಜಾಲ್ಸೂರಿನ ಹತ್ತಿರ ಅವರೇ ಮೆಲ್ಲಗೆ ಕೇಳಿದರು: “ಇವರಿಗೆ ಉಸಿರು ತೆಗೆಯಲಿಕ್ಕೆ ಇಲ್ವಾ?”

ಹಿಂದೆ ಬರುವಾಗ ಸ್ಟೀರಿಯೊಗೆ ಸಂಶಯ ಹತ್ತಿತು. ಅದಕ್ಕೆ ಆಟೋ ಸ್ಟಾಪ್ ಇದೆ. ಡಬ್ಬಿಯೊಳಗಿನ ಹಲ್ಲಿನ ಚಕ್ರ ಒಂದು ಗಳಿಗೆ ತಡವರಿಸಿದರೂ ಸಾಕು, ಟೇಪು ಮುಗಿಯಿತೆಂದು ತಿಳಿದು ತಾನೇ ನಿಂತುಬಿಡುತ್ತದೆ. ಕಟಕ್! ವಾಲಿ ಮಾಯ. ನಾನು ಬೈದುಕೊಂಡು ಗುಂಡಿ ಒತ್ತಲು ಕೈ ಹಾಕಿದೆ. ಅಪ್ಪ ಕೈ ಹಿಡಿದರು. “ತಡಿ. ಈಗ ವಾಲಿ ಹೇಳಿದ್ದರಲ್ಲಿ ಒಂದು ಸೂಕ್ಷ್ಮ ಉಂಟು...” ಎಂದು ಶುರುಮಾಡಿದವರು ಪುತ್ತೂರು ಮುಟ್ಟುವವರೆಗೆ ನಿಲ್ಲಿಸಲಿಲ್ಲ.

ಮರುದಿನ ಅಂಗಡಿಯವ, “ಚಕ್ರ ಒಂದನ್ನು ತೆಗೆದುಬಿಟ್ರೆ ಮತ್ತೆ ನಿಲ್ಲುವುದಿಲ್ಲ ಅಣ್ಣ, ಐದು ನಿಮಿಷದ ಕೆಲಸ,” ಎಂದ. ತೆಗೆಸುವುದಾ ಎಂದು ಅಪ್ಪನನ್ನು ಕೇಳಿದೆ. ಅವರು ಕಾರಿನ ಬಾಗಿಲು ತೆರೆದು, ತಾಂಬೂಲ ಉಗುಳಿ, ಬಾಯಿ ಒರೆಸಿಕೊಂಡು ಹೇಳಿದರು:

“ತೆಗೆಯುವುದು ಬೇಡ. ಕಾವಿನಲ್ಲಿ ಮಾತ್ರ ನಿಲ್ಲುವ ಹಾಗೆ ಮಾಡ್ಲಿಕ್ಕೆ ಆಗ್ತದಾ ಕೇಳು.”