ನಂಬರಿನ ಬೆನ್ನು ಹತ್ತಿ

ಹಳೆಯ ಟೆಲಿಫೋನ್ ಡೈರೆಕ್ಟರಿ ಬಲು ಮರ್ಯಾದಸ್ಥ ಪುಸ್ತಕ. ಹೆಸರು ಗೊತ್ತಿದ್ದವರಿಗೆ ಮಾತ್ರ ಅದು ನಂಬರು ಕೊಡುತ್ತಿತ್ತು. ಬರಿಯ ನಂಬರು ಹಿಡಿದು ಹೆಸರು ಕೇಳಲು ಹೋದವರು ಪುಟ ಮಗುಚಿ ಮಗುಚಿ ತಾವೇ ಸುಸ್ತಾಗುತ್ತಿದ್ದರು. ಈಗ ವ್ಯವಹಾರ ತಿರುಗುಮುರುಗಾಗಿದೆ. ಹತ್ತು ಅಂಕಿ ಒತ್ತಿದರೆ ಹೆಸರು, ಊರು, ಕೆಲವೊಮ್ಮೆ ಕೂಲಿಂಗ್ ಗ್ಲಾಸ್ ಹಾಕಿದ ಫೋಟೋ ಕೂಡ ಬಂದು ಕೂರುತ್ತದೆ. ಫೋನು ಎರಡನೆಯ ಸಲ ರಿಂಗಾಗುವುದರೊಳಗೆ ಆಚೆ ಕಡೆಯವರ ಜಾತಕವೇ ಕೈಗೆ ಸಿಕ್ಕಿತೆಂಬ ಗತ್ತು ನಮಗೆ. ಈ ಗತ್ತಿಗೆ ಆಧಾರ ಸಾಲದು ಎಂಬುದು ನನ್ನ ವಾದ. ನಂಬರಿನಿಂದ ಸಿಗುವುದು, ಆ ಮನುಷ್ಯನನ್ನು ಎಂದೋ ಯಾರೋ ಏನೆಂದು ಬರೆದುಕೊಂಡಿದ್ದರು ಎಂಬ ಸಮಾಚಾರ. ಅಷ್ಟರಿಂದಲೇ ಆಸಾಮಿಯನ್ನು ಪತ್ತೆ ಹಚ್ಚಿದೆವು ಎನ್ನುವುದು ದುಡುಕು.

ಈ ವಿದ್ಯೆಯ ಮನೆಮಾತಾದ ಹೆಸರು ಟ್ರೂಕಾಲರ್. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಕಂಪನಿ. ಅದರ ಅತಿ ದೊಡ್ಡ ಮಾರುಕಟ್ಟೆ ಮಾತ್ರ ಭಾರತ. ಇದರಲ್ಲಿ ಆಶ್ಚರ್ಯವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆತನ, ಸಂಬಳ ವಿಚಾರಿಸದೆ ಇಳಿಯದ ಜನಕ್ಕೆ ಇಂಥದ್ದು ಬೇಕೇ ಬೇಕಿತ್ತು. ಇಂಥ ಆ್ಯಪ್‌ಗಳ ಹೆಸರಿನ ಕಣಜ ತುಂಬಿರುವುದು ಬಹುಮಟ್ಟಿಗೆ ಬಳಸುವವರದೇ ಕೊಡುಗೆಯಿಂದ. ಕೂಸಿಗೆ ಹೆಸರಿಡಬೇಕಾದರೆ ತೊಟ್ಟಿಲು, ಸೋದರತ್ತೆ, ಕಿವಿಯಲ್ಲಿ ಮೂರು ಸಲ ಉಸುರುವ ಶಾಸ್ತ್ರ ಎಲ್ಲ ಉಂಟು. ಮೊಬೈಲಿನ ನಾಮಕರಣಕ್ಕೆ ಅವಸರದಲ್ಲಿರುವ ಒಂದು ಹೆಬ್ಬೆರಳು ಸಾಕು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಲೋಕದ ಪಾಲಿಗೆ ಒಬ್ಬರು 'ಗ್ಯಾಸ್ ಅಂಕಲ್', ಇನ್ನೊಬ್ಬರು 'ಓನರ್ ಆಂಟಿ ಅಡ್ವಾನ್ಸ್', ಮತ್ತೊಬ್ಬರು 'ಪ್ಲಂಬರ್ ಹೊಸಬ'. ಆ ಪ್ಲಂಬರ್ ಮುದುಕನಾದರೂ ಹೊಸಬನೇ. ಸಾಲ ಕೊಟ್ಟು ವಾಪಸು ಕೇಳಿದ ಸಜ್ಜನನೊಬ್ಬ 'ಎತ್ತಬೇಡ' ಎಂಬ ಬಿರುದು ಹೊತ್ತು ತಿರುಗುವುದೂ ಸಾಧ್ಯ. ಇಲ್ಲಿ ಬಯಲಾಗುವುದು ಫೋನು ಮಾಡಿದವನ ಗುಣಕ್ಕಿಂತ ಹೆಚ್ಚಾಗಿ ಹೆಸರು ಬರೆದುಕೊಂಡವನ ಗುಣ.

ಊರವರು ಇಟ್ಟ ಹೆಸರು ಬೇಡ, ಸರಕಾರದ ದಾಖಲೆಯ ಹೆಸರೇ ತೋರಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ 2024ರ ಫೆಬ್ರುವರಿಯಲ್ಲಿ ಅದನ್ನೇ ಶಿಫಾರಸು ಮಾಡಿತು: ಸಿಮ್ ಪಡೆಯುವಾಗ ಅರ್ಜಿಯಲ್ಲಿ ಬರೆದ ಹೆಸರು ಕರೆಯ ಜೊತೆಗೇ ಮೂಡಬೇಕು. ಮಾತು ಸರಿ. ಆದರೆ ನಮ್ಮಲ್ಲಿ ಸಿಮ್ ಯಾರ ಹೆಸರಿನಲ್ಲಿರುತ್ತದೆ, ಮಾತಾಡುವವರು ಯಾರು? ದೇಶದ ಬಹುಭಾಗದಲ್ಲಿ ಒಬ್ಬರ ಹೆಸರಿನಲ್ಲಿ 9 ಸಂಪರ್ಕಗಳಿಗೆ ಅವಕಾಶವುಂಟು. ಯಜಮಾನರ ಹೆಸರಿನಲ್ಲೇ ಮನೆಮಂದಿಯೆಲ್ಲ ಸಿಮ್ ತೆಗೆದುಕೊಂಡಿದ್ದರೆ ಹೆಂಡತಿ, ಮಗಳು, ಅಡುಗೆಯವಳು, ತೋಟದ ಆಳು ಯಾರು ಮಾಡಿದರೂ ಪರದೆಯ ಮೇಲೆ ಯಜಮಾನರೇ ಮೂಡುತ್ತಾರೆ. ಸಾಲದ್ದಕ್ಕೆ ನಂಬರಿಗೂ ಪುನರ್ಜನ್ಮವಿದೆ. ಬಿಟ್ಟುಹೋದ ನಂಬರನ್ನು 90 ದಿನ ಸುಮ್ಮನಿರಿಸಿ ಆಮೇಲೆ ಬೇರೆಯವರಿಗೆ ಕೊಡಬಹುದು. ಸರಕಾರಿ ದಾಖಲೆ ಹೊಸ ಹೆಸರು ಬರೆದುಕೊಳ್ಳುತ್ತದೆ. ಹಳಬನ ಬಿರುದು ಮಾತ್ರ ಜನರ ಫೋನುಗಳಲ್ಲಿ ಹಾಗೆಯೇ ಉಳಿದು, ಪಾಪದ ಹೊಸಬನ ಹೆಗಲೇರುತ್ತದೆ.

ವಿಳಾಸದ ಕಥೆ ಇನ್ನೂ ಸೊಗಸು. ಬೆಂಗಳೂರಿನ ಬಡಾವಣೆ ಬಡಾವಣೆಗೂ ಒಂದೊಂದು 5ನೇ ಕ್ರಾಸು, ಮನೆಗೆ ಹಳೆಯ ನಂಬರು ಒಂದು, ಹೊಸದು ಇನ್ನೊಂದು. ಕಡೆಗೆ ದಾರಿ ತೋರಿಸುವುದು ಗಣೇಶನ ಗುಡಿ ಮತ್ತು ಎಂದೋ ಕಡಿದುಹಾಕಿದ ಬೇವಿನ ಮರ. ಈ ಗೊಂದಲಕ್ಕೆ ಮದ್ದಾಗಿ ಅಂಚೆ ಇಲಾಖೆ 1972ರಲ್ಲಿ ಪಿನ್ ಕೋಡ್ ತಂದಿತು, 2025ರಲ್ಲಿ ಡಿಜಿಪಿನ್ ತಂದಿದೆ. ಡಿಜಿಪಿನ್ನಿನ ಹತ್ತು ಅಕ್ಷರ ದೇಶದ ಯಾವುದೇ ಮೂಲೆಯ ಸುಮಾರು 4 ಮೀಟರ್ ಉದ್ದಗಲದ ಜಾಗವನ್ನು ಖಚಿತವಾಗಿ ತೋರಿಸಬಲ್ಲದು. ಜಾಗ ಗೊತ್ತಾಯಿತು, ಜನ? ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ವಾಚ್‌ಮನ್‌ಗೂ ಅವನ ನೆತ್ತಿಯ ಮೇಲೆ ಹನ್ನೆರಡನೆಯ ಮಹಡಿಯಲ್ಲಿ ಮಲಗಿರುವ ಸಾಹೇಬರಿಗೂ ಅದು ಒಂದೇ. ಇನ್ನು ಹಳ್ಳಿಯ ಕಡೆ ಬಂದರೆ ನಮ್ಮ 'ಭೂಮಿ' ತಂತ್ರಾಂಶವಿದೆ. ಸರ್ವೆ ನಂಬರು ಕೊಟ್ಟರೆ ಪಹಣಿಯಲ್ಲಿ ಮಾಲೀಕರ ಹೆಸರು ಸಿಗುತ್ತದೆ. ಇದಕ್ಕಿಂತ ಅಧಿಕೃತವಾದ ಪತ್ತೆ ಬೇರೆ ಇಲ್ಲ. ಆದರೆ ಪೌತಿ ಖಾತೆ ಆಗದ ಎಷ್ಟೋ ಜಮೀನಿನ ಪಹಣಿ ಇಂದಿಗೂ ಹೇಳುವುದು ಸ್ವರ್ಗಸ್ಥರಾದ ಅಜ್ಜನ ಹೆಸರನ್ನೇ. ಅವರನ್ನು ಹುಡುಕಿಕೊಂಡು ಹೋಗುವ ಆತುರ ಯಾರಿಗೂ ಇರಲಾರದು.

ಹಾಗಾದರೆ ಮೋಸಗಾರರಿಂದ ಕಾಪಾಡುವವರು ಯಾರು, ರಾತ್ರಿ ಹೊತ್ತು ಫೋನು ಮಾಡಿ ಪೀಡಿಸುವವನನ್ನು ಹೆಣ್ಣುಮಕ್ಕಳು ಗುರುತಿಸುವುದು ಹೇಗೆ ಎಂದು ಕೇಳಬಹುದು. ತೂಕದ ಆಕ್ಷೇಪಣೆಯೇ ಇದು. ನೂರಾರು ಜನ 'ಇದು ಕಿರಿಕಿರಿ' ಎಂದು ದೂರಿದ ನಂಬರನ್ನು ಆ್ಯಪ್ ಕೆಂಪು ಬಣ್ಣದಲ್ಲಿ ತೋರಿಸಿದರೆ ಅದಕ್ಕೆ ಬೆಲೆಯಿದೆ, ಏಕೆಂದರೆ ಅಷ್ಟು ಜನ ನುಡಿದ ಸಾಕ್ಷಿ ನಡತೆಯ ಬಗ್ಗೆ. ಮಾರಾಟದ ಕರೆಗೆ 140, ಬ್ಯಾಂಕಿನ ಸೇವಾ ಕರೆಗೆ 1600 ಎಂದು ಸರಣಿ ಬೇರ್ಪಡಿಸಿರುವುದೂ ಉಪಯುಕ್ತವೇ. ಹೆಸರಿಗೆ ಮಾತ್ರ ಆ ಬೆಲೆ ಇಲ್ಲ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವ ಖದೀಮ ಪೊಲೀಸ್ ಲಾಂಛನದ ಫೋಟೋ, ಭಾರಿ ಹುದ್ದೆಯ ಹೆಸರು ಹಚ್ಚಿಕೊಂಡೇ ಬರುತ್ತಾನೆ. ನಿಜವಾದ ಹೆಸರು ಸಿಕ್ಕಿದರೂ ಅದು ಅವನಿಗೆ ಸಿಮ್ ಒದಗಿಸಿದ ಯಾವನೋ ಬಡಪಾಯಿಯದು. ಪೀಡಕನ ಹೆಸರು ತಿಳಿಯಲು ಹೆಣ್ಣುಮಗಳಿಗೆ ನೆರವಾಗುವ ಅದೇ ಆ್ಯಪ್, ರೀಚಾರ್ಜ್ ಅಂಗಡಿಯಲ್ಲಿ ಅವಳ ನಂಬರು ಕದ್ದು ಬರೆದುಕೊಂಡವನಿಗೂ ಅಷ್ಟೇ ಮರ್ಯಾದೆಯಿಂದ ಅವಳ ಹೆಸರು ಹೇಳುತ್ತದೆ. ಅದಕ್ಕೆ ಇಬ್ಬರೂ ಗಿರಾಕಿಗಳೇ.

ಆದ್ದರಿಂದ ಪರದೆಯ ಮೇಲಿನ ಹೆಸರನ್ನು ಸುಳಿವೆಂದು ನೋಡಿ, ತೀರ್ಪೆಂದು ನಂಬಬೇಡಿ. ಬ್ಯಾಂಕಿನವರೆಂದು ಯಾರಾದರೂ ಹೇಳಿದರೆ ಫೋನು ಕತ್ತರಿಸಿ, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಮಾಡಿ. ಹುಡುಕುವ ಅಧಿಕಾರ ಇರುವವರು ಹುಡುಕಲಿ. ಹಾಗೆಯೇ ಇವತ್ತೇ ಬಿಡುವು ಮಾಡಿಕೊಂಡು ನಿಮ್ಮ ಮೊಬೈಲಿನಲ್ಲಿರುವ ಹೆಸರುಗಳನ್ನು ಒಮ್ಮೆ ಮರ್ಯಾದೆಯಾಗಿ ತಿದ್ದಿ. 'ಪ್ಲಂಬರ್ ಹೊಸಬ'ನಿಗೂ ಒಂದು ಹೆಸರಿರುತ್ತದೆ, ಕೇಳಿದರೆ ಹೇಳುತ್ತಾನೆ.