ಶಿಥಿಲವೆಂದು ಸಾರುವ ಮಹಾಶಯರಿಗೊಂದು ಬಿನ್ನಹ

ಹಳೆಯ ಕಟ್ಟಡಗಳ ಆಯುಃಪ್ರಮಾಣವನ್ನು ನಿರ್ಣಯಿಸುವ ಅಧಿಕಾರಿ ಮಹಾಶಯರ ಸನ್ನಿಧಾನಕ್ಕೆ, ಹಳೆಯ ಮೈಸೂರು ಸೀಮೆಯ ನಿವೃತ್ತ ಉಪಾಧ್ಯಾಯನೊಬ್ಬನು ಮಾಡುವ ಅನೇಕ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ನಾನು ಕುಶಲ, ತಾವೂ ಕುಶಲರೆಂದು ನಂಬಿದ್ದೇನೆ. ಕುಶಲವಿಲ್ಲದ್ದು ನಮ್ಮ ಪೇಟೆಯ ಕೊನೆಯಲ್ಲಿರುವ ಹೆಂಚಿನ ಪಾಠಶಾಲೆಯೊಂದೇ. ತಾವು ಈಚೆಗೆ ಅದರ ಮುಂದೆ ಜೀಪನ್ನು ನಿಲ್ಲಿಸಿ, ಕೆಳಗಿಳಿಯುವ ಶ್ರಮವನ್ನೂ ವಹಿಸದೆ, ಗಾಜಿನೊಳಗಿನಿಂದಲೇ ಅದರ ತಳಪಾಯದ ದೌರ್ಬಲ್ಯವನ್ನೂ ತೊಲೆಗಳ ಜರ್ಜರತೆಯನ್ನೂ ಗೋಡೆಗಳ ಅಂತರಂಗವನ್ನೂ ಅರಿತು, 'ಸಂಪೂರ್ಣ ಶಿಥಿಲ, ಕೆಡವತಕ್ಕದ್ದು' ಎಂದು ಷರಾ ಬರೆದಿರೆಂಬ ವಾರ್ತೆ ಕಿವಿಗೆ ಬಿದ್ದಾಗ, ಹಸ್ತಿನಾವತಿಯಲ್ಲಿ ಕುಳಿತು ಕುರುಕ್ಷೇತ್ರವನ್ನು ಕಂಡ ಸಂಜಯನ ಕಾಲದಲ್ಲಿಯೇ ದಿವ್ಯದೃಷ್ಟಿಯು ಲೋಪವಾಯಿತೆಂದು ಇಷ್ಟು ದಿನ ಮಕ್ಕಳಿಗೆ ಬೋಧಿಸಿದ ನನಗೆ ಬಹಳ ಸಂಕೋಚವಾಯಿತು.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, ಕಟ್ಟಡವೊಂದು ಸ್ಮಾರಕವೆನಿಸಬೇಕಾದರೆ ಅದಕ್ಕೆ ಕಡಮೆಪಕ್ಷ ನೂರು ವರ್ಷ ತುಂಬಿರಬೇಕೆಂದು ವಿಧಿಸುತ್ತದೆ. ಆ ವಿಧಿಯನ್ನು ತಾವು ಎಂತಹ ನಿಷ್ಠೆಯಿಂದ ಪಾಲಿಸಿದಿರೆಂಬುದಕ್ಕೆ ನಮ್ಮ ಶಾಲೆಯೇ ಸಾಕ್ಷಿ. ತೊಂಬತ್ತೊಂಬತ್ತು ವರ್ಷಗಳವರೆಗೆ ಅದು ಸ್ಮಾರಕವಾಗಲು ತೀರ ಎಳೆಯದಾಗಿದ್ದುದರಿಂದ ಅದರತ್ತ ಯಾರೂ ಕಣ್ಣೆತ್ತಿ ನೋಡಲಿಲ್ಲ. ನೂರು ತುಂಬುತ್ತಲೇ ಅದು ನಿಲ್ಲಲಾರದಷ್ಟು ಮುದಿಯಾಯಿತೆಂದು ನಿರ್ಣಯವಾಯಿತು. ಈ ಎರಡು ಅವಸ್ಥೆಗಳ ನಡುವೆ, ಶಾಸ್ತ್ರೋಕ್ತವಾಗಿ ಗೌರವಕ್ಕೆ ಪಾತ್ರವಾಗಿರಬಹುದಾಗಿದ್ದ ಮುಹೂರ್ತವು ಬಹುಶಃ ಯಾವುದೋ ಒಂದು ಭಾನುವಾರ ಕಚೇರಿಗೆ ರಜೆಯಿದ್ದಾಗ ಕಳೆದುಹೋಗಿರಬೇಕು.

ಈ ಕಟ್ಟಡದಲ್ಲಿ ಪರಂಪರೆಯೆಂಬುದು ಏನಿದೆಯೆಂದು ತಾವು ಕೇಳಿದಿರಂತೆ. ನ್ಯಾಯವಾದ ಪ್ರಶ್ನೆ. ಇಲ್ಲಿ ಯಾವ ರಾಜನೂ ಬೀಡುಬಿಡಲಿಲ್ಲ, ಯಾವ ವೀರನೂ ರಕ್ತ ಸುರಿಸಲಿಲ್ಲ. ಒಂದು ಶಾಸನವಾಗಲಿ, ಒಂದು ಸುರಂಗಮಾರ್ಗದ ಐತಿಹ್ಯವಾಗಲಿ, ಕಡೆಗೆ ಒಂದು ದೆವ್ವವಾಗಲಿ ಇಲ್ಲಿಲ್ಲ. ಇಲ್ಲಿ ನಡೆದದ್ದು ಮಗ್ಗಿ ಮತ್ತು ಕಾಗುಣಿತ ಮಾತ್ರ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ನಿಬಂಧನೆಯನ್ನು ಹೊರಡಿಸಿ, ಆಯ್ದ ಸ್ಥಳಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸಲು ಹೊರಟಿತು. ದನ ಕಾಯುವ ಹುಡುಗನೂ ಓದಬೇಕೆಂಬ ಆ ವಿಚಿತ್ರ ಸಂಕಲ್ಪಕ್ಕೆ ನೆಲದ ಮೇಲೆ ಒಂದು ಸೂರು ಬೇಕಾದುದರಿಂದ ಇಂತಹ ಪುಟ್ಟ ಶಾಲೆಗಳು ಹುಟ್ಟಿದವು. 1916ರ ಮೈಸೂರು ವಿಶ್ವವಿದ್ಯಾನಿಲಯವನ್ನು ಪರಂಪರೆಯೆಂದು ಒಪ್ಪುವವರು, ಅಲ್ಲಿಗೆ ಹೋದವರು ಮೊದಲು ಎಲ್ಲಿ ಅಕ್ಷರ ತಿದ್ದಿದರೆಂಬುದನ್ನು ಮಾತ್ರ ಕೇಳುವುದಿಲ್ಲ. ಗೋಪುರಕ್ಕೆ ಕೈಮುಗಿದು ಮೆಟ್ಟಿಲಿನ ಮೇಲೆ ಚಪ್ಪಲಿ ಬಿಡುವುದು ನಮ್ಮಲ್ಲಿ ರೂಢಿಯೇ ಆಗಿದೆ.

ಕಟ್ಟಡದ ದೋಷಗಳನ್ನು ಇನ್ನಷ್ಟು ವಿವರವಾಗಿ ನಿವೇದಿಸಿಕೊಳ್ಳುತ್ತೇನೆ. ಎತ್ತು ಕಟ್ಟಿದ ಗಾಣದಲ್ಲಿ ಅರೆದ ಸುಣ್ಣದ ಗಾರೆಯಿಂದ ಇಟ್ಟಿಗೆಯನ್ನು ಕೂರಿಸಿ, ಒಂದೂವರೆ ಮೊಳ ದಪ್ಪದ ಗೋಡೆಯನ್ನೆಬ್ಬಿಸಿದ ಆ ಕಾಲದ ಮೇಸ್ತ್ರಿಗಳಿಗೆ ಮಿತವ್ಯಯದ ಜ್ಞಾನವೇ ಇರಲಿಲ್ಲ. ಬೇಸಗೆಯಲ್ಲಿ ಬಿಸಿಗಾಳಿ ಮೇಲೇರಿ ಹೊರಟುಹೋಗಲೆಂದು ಚಾವಣಿಯನ್ನು ಅಷ್ಟೆತ್ತರಕ್ಕೆ ಒಯ್ದು, ಅಲ್ಲಲ್ಲಿ ಬೆಳಕಿಂಡಿಗಳನ್ನಿಟ್ಟು, ಹಲಗೆಯ ಮೇಲಿನ ಅಕ್ಷರ ಮಬ್ಬಾಗದಂತೆ ಮಗುವಿನ ಎಡಗಡೆಯಿಂದ ಬೆಳಕು ಬರುವಂತೆ ಕಿಟಕಿಗಳನ್ನು ಜೋಡಿಸಿ, ಮಳೆಗಾಲದಲ್ಲಿಯೂ ಆಟ ನಿಲ್ಲದಂತೆ ಮುಂದೊಂದು ಉದ್ದನೆಯ ಜಗುಲಿಯನ್ನು ಹಾಕಿದರು. ವಿದ್ಯುತ್ತಿನ ಬಿಲ್ಲೇ ಬಾರದ ಇಂತಹ ಕಟ್ಟಡದಿಂದ ಯಾವ ಇಲಾಖೆಗೆ ಏನು ಲಾಭ?

ಮಾಡಿನಿಂದ ಜಾರಿದ ಹೆಂಚೊಂದನ್ನು ತಮ್ಮ ಸಹಾಯಕರು ಎತ್ತಿ, ಅದರ ಬೆನ್ನ ಮೇಲಿನ 1865 ಎಂಬ ಅಚ್ಚನ್ನು ಓದಿ, ಕಟ್ಟಡವನ್ನೇ ಆ ವರ್ಷದ್ದೆಂದು ವರದಿಯಲ್ಲಿ ಸೇರಿಸಿದರಂತೆ. ಅದು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಒಂದು ಹೆಂಚಿನ ದೆಸೆಯಿಂದ ನಮ್ಮ ಶಾಲೆಗೆ ಸುಮಾರು ಐವತ್ತು ವರ್ಷಗಳ ಅಕಾಲವಾರ್ಧಕ್ಯ ಪ್ರಾಪ್ತವಾಯಿತು. ಯಯಾತಿಯ ಮಗ ಪೂರುವಾದರೂ ಒಪ್ಪಿಕೊಂಡು ಮುಪ್ಪನ್ನು ಪಡೆದವನು.

ಗೋಡೆ ಉಬ್ಬಿ ಉದುರುತ್ತಿರುವುದು ನಿಜ. ಕೆಲವು ವರ್ಷಗಳ ಕೆಳಗೆ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಬಳಿಯಲಾಯಿತು. ಸುಣ್ಣದ ಗೋಡೆಯು ಹೀರಿದ ತೇವವನ್ನು ಹೊರಕ್ಕೆ ಬಿಡುತ್ತಿರಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚಿದುದರಿಂದ ತೇವವು ಒಳಗೇ ಉಳಿದು, ಇಟ್ಟಿಗೆಯನ್ನು ತಿಂದು, ಗಿಲಾವನ್ನೇ ಎಬ್ಬಿಸಿ ಕೆಡವುತ್ತಿದೆ. ಔಷಧದಿಂದ ಬಂದ ರೋಗವನ್ನು ತೋರಿಸಿ ರೋಗಿಗೆ ಮರಣಪತ್ರ ಬರೆಯುವುದು ವೈದ್ಯಶಾಸ್ತ್ರದಲ್ಲಿಯೂ ಇನ್ನೂ ರೂಢಿಗೆ ಬಂದಂತಿಲ್ಲ. ಪಕ್ಕದಲ್ಲಿ ಮೊನ್ನೆಮೊನ್ನೆ ಎದ್ದ ಆರ್.ಸಿ.ಸಿ. ಕೊಠಡಿಯ ಕಂಬಿಗಳು ತುಕ್ಕು ಹಿಡಿದು ಚಾವಣಿಯ ಚೂರುಗಳು ಮಕ್ಕಳ ತಲೆಯ ಮೇಲೆ ಬೀಳತೊಡಗಿದುದರಿಂದ, ಆ ತರಗತಿಯನ್ನು ತಾವು ಶಿಥಿಲವೆಂದು ಸಾರಿದ ಹಳೆಯ ಕಟ್ಟಡಕ್ಕೇ ಸಾಗಿಸಲಾಗಿದೆಯೆಂಬುದನ್ನು ತಮ್ಮ ಅವಗಾಹನೆಗೆ ತರಲು ನಾಚುತ್ತೇನೆ.

ಹಾಸ್ಯವನ್ನು ಒಂದು ಗಳಿಗೆ ಬದಿಗಿಡುತ್ತೇನೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವು 2012ರಲ್ಲಿ ಕುಸಿದು ನಾಲ್ವರು ತೀರಿಕೊಂಡುದನ್ನು ನಾನು ಮರೆತಿಲ್ಲ. ಮಕ್ಕಳ ಪ್ರಾಣಕ್ಕಿಂತ ಹೆಂಚು ದೊಡ್ಡದೆನ್ನುವ ಮೂರ್ಖನೂ ನಾನಲ್ಲ. ಆದರೆ ಬೆಂಗಳೂರಿನ ಕೋಟೆ ಪ್ರೌಢಶಾಲೆ, 1907ರ ಕಟ್ಟಡ, ಇಂದಿಗೂ ನಿಂತಿದೆ. ಸೋರುವ ಮಾಡಿಗೆ ಕಾಲಕಾಲಕ್ಕೆ ಕೈಯಾಡಿಸಿ, ಗೋಡೆಯಲ್ಲಿ ಹುಟ್ಟಿದ ಅರಳಿಸಸಿಯನ್ನು ಬೆರಳುದ್ದವಿರುವಾಗಲೇ ಕಿತ್ತಿದ್ದರೆ ಎಷ್ಟು ಕಟ್ಟಡಗಳು ಉಳಿಯುತ್ತಿದ್ದುವೋ! ಆ ಕೆಲಸಕ್ಕೆ ಟೆಂಡರು ಕರೆಯುವಷ್ಟು ಮೊತ್ತವಾಗುವುದಿಲ್ಲವೆಂಬುದೇ ಅದಕ್ಕಿರುವ ಮಹಾದೋಷ.

ಇನ್ನು ಬೀರುವಿನಲ್ಲಿರುವ ದಾಖಲಾತಿ ಪುಸ್ತಕಗಳು. ಯಾವ ಕೇರಿಯ ಹುಡುಗಿ ಮೊದಲ ಬಾರಿ ಶಾಲೆಗೆ ಬಂದಳು, ಯಾವ ಕುಲಕಸುಬಿನವನ ಮಗ ನಾಲ್ಕನೆಯ ತರಗತಿ ದಾಟಿದ, ಯಾರನ್ನು ಸುಗ್ಗಿಯ ಕಾಲದಲ್ಲಿ ಬಿಡಿಸಿಕೊಂಡು ಹೋದರು ಎಂಬುದೆಲ್ಲ ಮಸಿಯ ಅಕ್ಷರಗಳಲ್ಲಿ ಅಲ್ಲಿದೆ; ಈ ಊರಿಗೆ ಬೇರೆ ಚರಿತ್ರೆಯನ್ನು ಯಾರೂ ಬರೆದಿಲ್ಲ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಕಾರಣ, ನಮ್ಮಲ್ಲಿ ಬಹುಮಂದಿ ಒಂದೇ ದಿನ ಜನಿಸಿ ಒಂದೇ ದಿನ ವಯಸ್ಸು ತುಂಬಿ ನಿವೃತ್ತರಾಗುತ್ತಾರೆ. ತಮ್ಮ ಜನ್ಮದಿನ ಯಾವುದೆಂದು ಕೇಳುವ ಧಾರ್ಷ್ಟ್ಯ ನನಗಿಲ್ಲ.

ಕೊನೆಯದಾಗಿ ಒಂದು ಸಂದೇಹ ಮತ್ತು ಒಂದು ಪ್ರಾರ್ಥನೆ. ಕೆಡವಿದ ಮೇಲೆ ತೇಗದ ತೊಲೆಗಳೂ ಬಾಗಿಲವಾಡಗಳೂ ಹೆಂಚುಗಳೂ ಗುತ್ತಿಗೆದಾರರ ಪಾಲಾಗುತ್ತವೆಯಷ್ಟೆ. ಅವು ಹೆದ್ದಾರಿಯ ಬದಿಯ ರೆಸಾರ್ಟುಗಳಿಗೆ ಹೋಗಿ, ಎಣ್ಣೆ ಹಚ್ಚಿಸಿಕೊಂಡು, ಮೇಲೆ ದೀಪ ಹೊತ್ತು, 'ಪಾರಂಪರಿಕ' ಎಂಬ ಬಿರುದಿನೊಡನೆ ನಿಲ್ಲುವುದನ್ನು ಕಂಡಿದ್ದೇನೆ. ಶಾಲೆಯಲ್ಲಿದ್ದಾಗ ಶಿಥಿಲವಾಗಿದ್ದ ಮರವು ಅಲ್ಲಿಗೆ ಹೋದೊಡನೆ ಗಟ್ಟಿಯಾಗುವ ರಹಸ್ಯವು ಯಾವ ವರದಿಯಲ್ಲಿಯೂ ಇಲ್ಲ. ಆದ್ದರಿಂದ ನಮ್ಮ ಶಾಲೆಯ ಬಾಗಿಲು ಯಾವ ರೆಸಾರ್ಟನ್ನು ಸೇರುವುದೆಂಬುದನ್ನು ಮುಂಚಿತವಾಗಿಯೇ ತಿಳಿಸಿ, ಬರುವ ವರ್ಷದ ಶೈಕ್ಷಣಿಕ ಪ್ರವಾಸದಲ್ಲಿ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಅಪ್ಪಣೆ ಕೊಡಿಸಿ, ಅವರು ಸರಕಾರಿ ಶಾಲೆಯ ಮಕ್ಕಳಾದುದರಿಂದ ಪ್ರವೇಶಶುಲ್ಕದಲ್ಲಿ ಅರ್ಧ ರಿಯಾಯಿತಿಯನ್ನಾದರೂ ದೊರಕಿಸಿಕೊಡಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಹೆಂಚಿನ ಶಾಲೆಯ ಹಳೆಯ ಮೇಷ್ಟರು