ಹಳತು ಕಟ್ಟಿಸುವ ಊರು

ಮನೆ ಮಾರುವವರು ಮಣ್ಣನ್ನು ಮುಚ್ಚಿಡುವುದು ಲೋಕರೂಢಿ. ಮಣ್ಣಿನ ಗೋಡೆಗೆ ಸುಣ್ಣ, ಸುಣ್ಣದ ಮೇಲೆ ಡಿಸ್ಟೆಂಪರು, ಗಿರಾಕಿ ತಟ್ಟಿ ನೋಡದಿರಲೆಂದು ಅದರ ಮೇಲೊಂದು ಕ್ಯಾಲೆಂಡರು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಸಾಂತಾ ಫೆಯಲ್ಲಿ ಮಾತ್ರ ಈ ವ್ಯಾಪಾರ ತಿರುಗುಮುರುಗು. ಗೋಡೆ ನಿಜಕ್ಕೂ ಮಣ್ಣಿನದೆಂದರೆ ಅಲ್ಲಿ ಬೆಲೆ ಏರುತ್ತದೆ. ಮರದ ಚೌಕಟ್ಟಿನ ಮೇಲೆ ಸಿಮೆಂಟು ಮೆತ್ತಿದ ಮನೆಗಳೋ, ಮಣ್ಣಿನ ಬಣ್ಣ ಬಳಿದುಕೊಂಡು, ಮೂಲೆಗಳನ್ನು ದುಂಡಗೆ ತೀಡಿಕೊಂಡು, ತಮ್ಮ ಹುಟ್ಟನ್ನು ಮರೆಮಾಚಿ ನಿಂತಿವೆ.

ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಅಡ್ಡಲಾಗಿ ದುಂಡು ತೊಲೆ, ಮೇಲೆ ಚಪ್ಪಟೆ ಮಣ್ಣಿನ ಸೂರು, ಮಳೆನೀರಿಗೆ ಹರನಾಳಿಗೆ. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಆದರೆ ಸಾಂತಾ ಫೆ ಇರುವುದು ಏಳು ಸಾವಿರ ಅಡಿ ಎತ್ತರದಲ್ಲಿ; ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಹಿಮ ಬೀಳುವ ಊರಿಗೆ ಚಪ್ಪಟೆ ಸೂರು ಯಾಕೆ ಎಂದು ಕೇಳಬಾರದು. ಚೆಂದ ಬೇಕೆಂದವರು ಸೋರಿಕೆಯನ್ನೂ ಸಹಿಸಬೇಕು.

ಈ ಊರು ಹಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. ಸ್ಪೇನಿನವರು ಇದನ್ನು ರಾಜಧಾನಿ ಮಾಡಿದ್ದು 1610ರ ಸುಮಾರಿಗೆ. 1680ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪುಯೆಬ್ಲೊ ಜನ ದಂಗೆಯೆದ್ದು ಅವರನ್ನು ಓಡಿಸಿ, ಹನ್ನೆರಡು ವರ್ಷ ಊರನ್ನು ತಾವೇ ಇಟ್ಟುಕೊಂಡರು. 1846ರಲ್ಲಿ ಅಮೆರಿಕದ ಸೈನ್ಯ ಬಂತು. ಬಂದವರಿಗೆ ಮಣ್ಣಿನ ಮನೆಗಳೆಂದರೆ ತಾತ್ಸಾರ. ಸುಟ್ಟ ಇಟ್ಟಿಗೆ, ತಗಡಿನ ಸೂರು, ಕುಸುರಿ ಕಟಾಂಜನಗಳ ಕಾಲ ಶುರುವಾಯಿತು.

ಊರಿನ ಹೆಸರನ್ನೇ ಇಟ್ಟುಕೊಂಡಿದ್ದ ರೈಲು ಕಂಪನಿ ಮಾತ್ರ ಊರಿಗೆ ಕೈಕೊಟ್ಟಿತು. ಮುಖ್ಯ ಮಾರ್ಗ ಲೇಮಿ ಎಂಬ ಹಳ್ಳಿಯ ಮೇಲೆ ಹಾದುಹೋಯಿತು. 1880ರಲ್ಲಿ ಸಾಂತಾ ಫೆಗೆ ದಕ್ಕಿದ್ದು ಒಂದು ಕವಲು ಹಳಿ. ವ್ಯಾಪಾರ ಸೊರಗಿತು. ಮಾರಲು ಬೇರೇನೂ ಉಳಿಯದಿದ್ದಾಗ ಊರಿನ ಹಿರಿಯರಿಗೆ ತಮ್ಮ ಇತಿಹಾಸದ ನೆನಪಾಯಿತು. 1912ರಲ್ಲಿ ಯೋಜನೆಯೊಂದನ್ನು ಬರೆದು, ಇನ್ನು ಮೇಲೆ ಊರು ಹಳೆಯದಾಗಿ ಕಾಣಬೇಕೆಂದು ತೀರ್ಮಾನಿಸಿದರು. ಮರುವರ್ಷವೇ ಹಳೆಯ ಗವರ್ನರ್ ಅರಮನೆಯ ವಿಕ್ಟೋರಿಯನ್ ಜಗಲಿ ಕಿತ್ತುಹೋಗಿ, ಆ ಜಾಗಕ್ಕೆ ಇನ್ನೂ ಹಳೆಯದಾಗಿ ಕಾಣುವ ಹೊಸ ಜಗಲಿ ಬಂತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಗುಮ್ಮಟದ್ದು. 1900ರಲ್ಲಿ ಅಮೆರಿಕದ ಮರ್ಜಿಗೆ ತಕ್ಕಂತೆ ಗುಮ್ಮಟವಿಟ್ಟು ಶಾಸಕಾಂಗ ಭವನ ಕಟ್ಟಿದ್ದರು. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅದು ಊರಿಗೆ ಒಪ್ಪುವುದಿಲ್ಲವೆಂದು ಗುಮ್ಮಟವನ್ನೇ ತೆಗೆಸಿಬಿಟ್ಟರು. ಬೇರೆ ಊರುಗಳಲ್ಲಿ ಸರ್ಕಾರ ಬದಲಾದರೆ ಮಂತ್ರಿಗಳ ತಲೆ ಹೋಗುತ್ತದೆ; ಇಲ್ಲಿ ಕಟ್ಟಡದ್ದೇ ಹೋಯಿತು. 1957ರಲ್ಲಿ ಈ ರುಚಿಗೆ ಕಾನೂನಿನ ಬಲವೂ ಬಂತು. ಐತಿಹಾಸಿಕ ವಲಯದಲ್ಲಿ ಕಟ್ಟುವವರು ಹೊಸದನ್ನೂ ಹಳೆಯ ಶೈಲಿಯಲ್ಲೇ ಕಟ್ಟಬೇಕು. ಕಿಟಕಿಯ ಗಾಜಿನ ಅಳತೆಗೂ ಕಡಿವಾಣ. ಕಾರು ನಿಲ್ಲಿಸುವ ಕಟ್ಟಡ ಕೂಡ ಕಂದು ಬಣ್ಣದ್ದು, ಸ್ಪೇನಿನ ದೊರೆಗಳು ಅಲ್ಲಿ ಕಾರು ನಿಲ್ಲಿಸುತ್ತಿದ್ದರೇನೋ ಎಂಬಂತೆ.

ಹುಸಿ ಮಣ್ಣಿಗೆ ಇಷ್ಟು ಉಪಚಾರ ನಡೆದ ಕಾಲದಲ್ಲೇ ನಿಜವಾದ ಮಣ್ಣು ಪೆಟ್ಟು ತಿಂದಿದೆ. ಶತಮಾನಗಳ ಹಿಂದಿನ ಸಾನ್ ಮಿಗೆಲ್ ಪ್ರಾರ್ಥನಾ ಮಂದಿರಕ್ಕೆ ಒಮ್ಮೆ ಗಟ್ಟಿಯಾಗಿರಲೆಂದು ಸಿಮೆಂಟು ಗಾರೆ ಮಾಡಿದ್ದರು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆ ಒಳಗೊಳಗೇ ಕರಗತೊಡಗಿತು. ಕೊನೆಗೆ ಸಿಮೆಂಟು ಕೆತ್ತಿ, ಹುಲ್ಲು ಕಲಸಿದ ಮಣ್ಣನ್ನೇ ಮತ್ತೆ ಮೆತ್ತಬೇಕಾಯಿತು. ಹಿಂದೆ ಆ ಸೀಮೆಯಲ್ಲಿ ಗೋಡೆಗೆ ಮಣ್ಣು ಮೆತ್ತುವುದು ಹೆಂಗಸರ ಕೆಲಸ. ಅಂಗೈಯೇ ಅವರ ಕರಣಿ.

ಕ್ಯಾನ್ಯನ್ ರೋಡಿನಲ್ಲಿ ಅಂಥ ಹೆಂಗಸರಿದ್ದ ಮನೆಗಳು ಈಗ ಚಿತ್ರಕಲಾ ಗ್ಯಾಲರಿಗಳಾಗಿವೆ. ಪಕ್ಕದಲ್ಲೇ ಅವರ ಹೊಲಗಳಿಗೆ ನೀರುಣಿಸುತ್ತಿದ್ದ ಕಾಲುವೆಯಿದೆ. ಅದರ ಹೆಸರಿನ ಬೀದಿಯೂ ದುಬಾರಿಯೇ. ಹೊರಗಿನ ದುಡ್ಡು ಬಂದ ಮೇಲೆ ಹಳೆಯ ಕುಟುಂಬಗಳು ಎಷ್ಟೋ ಮಾರಿಕೊಂಡು ಹೊರಟವು. ಬೆಲೆ ಕೈಗೆಟಕುವುದು ಊರಿನ ದಕ್ಷಿಣ ಭಾಗದಲ್ಲಿ, ಮೊಬೈಲ್ ಹೋಮುಗಳ ಸಾಲುಗಳಲ್ಲಿ. ಐತಿಹಾಸಿಕ ವಲಯದ ಕಾನೂನು ಅಷ್ಟು ದೂರ ಬರುವುದಿಲ್ಲ. ಅಲ್ಲಿ ಮನೆಗೆ ಬಿಳಿ ಬಣ್ಣ ಹಚ್ಚಿದರೂ ಇತಿಹಾಸಕ್ಕೆ ಯಾವ ಧಕ್ಕೆಯೂ ಇಲ್ಲ.